ಅತ್ತೆಯ ಮೂಗು ಮತ್ತು ಹಳದಿ ದೀಪ

ಜೂನ್ 3, ಸೋಮವಾರ

ಬೆಳಿಗ್ಗೆ ಅತ್ತೆಯನ್ನು ಮೊಣಕಾಲಿನ ವ್ಯಾಯಾಮಕ್ಕೆಂದು ಈಜುಕೊಳಕ್ಕೆ ಬಿಟ್ಟು ಹಲ್ಲಿನ ಡಾಕ್ಟರಿಗೆ ಕಾರು ಕಲಿಸಲು ಹೋದೆ. ಡಾಕ್ಟರು ಕೀಲಿ ತಿರುಗಿಸಿದ್ದೇ ತಡ, ಸ್ಪೀಡೋಮೀಟರಿನ ಪಕ್ಕದಲ್ಲಿ ಎಂಜಿನ್ನಿನ ಚಿತ್ರವಿರುವ ಹಳದಿ ದೀಪವೊಂದು ಹೊತ್ತಿತು; ಆರಲಿಲ್ಲ. ಹೇಗೋ ರಸ್ತೆಗೆ ಇಳಿಸಿದೆ. ಅರ್ಧ ದಾರಿಯಲ್ಲಿ ಅದು ಮತ್ತೆ ಅವರ ಕಣ್ಣಿಗೆ ಬಿತ್ತು. ಎರಡೂ ಕೈಗಳನ್ನು ಸ್ಟಿಯರಿಂಗಿನಿಂದ ತೆಗೆದು ಮೇಲೆತ್ತಿ, "ಮೇಡಂ, ನಾನೇನೂ ಮಾಡಿಲ್ಲ!" ಎಂದರು. ದಿನವಿಡೀ ಜನರ ಬಾಯೊಳಗೆ ಅಂಜದೆ ಕೈಹಾಕುವ ಮನುಷ್ಯ ಇವರು. ನನ್ನ ಕಡೆಯ ಬ್ರೇಕನ್ನು ನಾನು ಒತ್ತಿದ್ದರಿಂದ ಎದುರಿನ ಹಾಲಿನ ವ್ಯಾನು ಬದುಕಿತು. ಬೈದೆ. ಸ್ವಲ್ಪ ಜೋರಾಗಿಯೇ ಬೈದೆ.

ತಿಂಗಳ ಕೊನೆಯೊಳಗೆ ಈ ಕಾರಿಗೆ ಹೊಗೆ ತಪಾಸಣೆ ಆಗಬೇಕು. ಹಳದಿ ದೀಪ ಉರಿಯುತ್ತಿದ್ದರೆ ತಪಾಸಣೆಯವರು ಬಾನೆಟ್ಟನ್ನೂ ಎತ್ತುವುದಿಲ್ಲ. ಸರ್ಟಿಫಿಕೇಟ್ ಇಲ್ಲದಿದ್ದರೆ ಕಾರು ರಸ್ತೆಗಿಳಿಯುವ ಹಾಗಿಲ್ಲ. ಇರುವುದೊಂದೇ ಕಾರು, ಅದೇ ನನ್ನ ಡ್ರೈವಿಂಗ್ ಶಾಲೆ.

ಸಂಜೆ ಅತ್ತೆ ಬೆಕ್ಕಿಗೆ ಹೇಳಿದರು: "ಕಾರಲ್ಲಿ ಪೆಟ್ರೋಲ್ ವಾಸನೆ ಬರ್ತಿದೆ ಅಂತ ನಿಮ್ಮ ಯಜಮಾನ್ತಿಗೆ ಹೇಳಪ್ಪ."

ನಾನೂ ಬೆಕ್ಕಿಗೇ ಹೇಳಿದೆ: "ಪೆಟ್ರೋಲ್ ಕಾರಲ್ಲಿ ಪೆಟ್ರೋಲ್ ವಾಸನೆ ಬರದೆ ಮಲ್ಲಿಗೆ ವಾಸನೆ ಬರುತ್ತಾ ಅಂತ ಕೇಳು."

ಹೋದ ತಿಂಗಳಿನಿಂದ ನಮ್ಮಿಬ್ಬರ ವ್ಯವಹಾರವೆಲ್ಲ ಹೀಗೆ, ಬೆಕ್ಕಿನ ಮೂಲಕ. ಹೊಸದಾಗಿ ಸೇರಲು ಬಂದ ಹುಡುಗಿಯೊಬ್ಬಳಿಗೆ, ನಾನು ಸ್ನಾನಕ್ಕೆ ಹೋಗಿದ್ದಾಗ, "ಇವಳು ತುಂಬ ಬೈತಾಳಮ್ಮ, ನೀನು ಬೇರೆ ಕಡೆ ನೋಡ್ಕೋ" ಎಂದು ಹೇಳಿ ಕಳಿಸಿಬಿಟ್ಟರು. ಅಂದಿನಿಂದ ಮಾತಿಲ್ಲ. ಕಾರಿನಲ್ಲಿಯೂ ನನ್ನ ಪಕ್ಕದ ಸೀಟು ಬಿಟ್ಟು ಹಿಂದೆ, ಟ್ಯಾಕ್ಸಿಯಲ್ಲಿ ಕೂತ ಹಾಗೆ ಕೂರುತ್ತಾರೆ. ಎಲ್ಲದರಲ್ಲೂ ಮೂಗು ತೂರಿಸುವುದು ಅವರ ಹುಟ್ಟುಗುಣ. ಮೊಣಕಾಲು ಸರಿಹೋದ ಮೇಲೆ ಮಗಳ ಮನೆಗೆ ಹೋಗುತ್ತಾರಂತೆ. ಮೊಣಕಾಲು ಬೇಗ ಸರಿಹೋಗಲಿ.

ಜೂನ್ 4, ಮಂಗಳವಾರ

ಮೆಕ್ಯಾನಿಕ್ಕಿನ ಹತ್ತಿರ ಹೋದೆ. ಏನು ಕೇಳಿದರೂ "ನೋಡೋಣ" ಅನ್ನುವುದರಿಂದ ಊರಲ್ಲಿ ಅವನಿಗೆ ನೋಡೋಣ ಎಂದೇ ಹೆಸರು. ಅಂಗೈಯಗಲದ ಯಂತ್ರವನ್ನು ಕಾರಿಗೆ ಸಿಕ್ಕಿಸಿ, ಅದರ ಪರದೆ ನೋಡಿ, "ಆವಿ ಸೋರ್ತಿದೆ ಮೇಡಂ" ಎಂದ.

ಅವನು ಹೇಳಿದ್ದು ಇಷ್ಟು. ಟ್ಯಾಂಕಿನ ಪೆಟ್ರೋಲು ಸುಮ್ಮನಿರುವುದಿಲ್ಲ, ಸದಾ ಆವಿಯಾಗುತ್ತಿರುತ್ತದೆ. ಆ ಆವಿ ಹೊರಗೆ ಹೋಗಿ ಗಾಳಿ ಕೆಡಿಸಬಾರದೆಂದು ಕಾರಿನಲ್ಲೊಂದು ಇದ್ದಿಲಿನ ಡಬ್ಬಿ ಇದೆ. ಆವಿ ಅದರಲ್ಲಿ ಕೂತಿದ್ದು, ಆಮೇಲೆ ಎಂಜಿನ್ನಿಗೆ ಹೋಗಿ ಉರಿದುಹೋಗುತ್ತದೆ. ಈ ದಾರಿಯಲ್ಲಿ ಎಲ್ಲೋ ಸೂಜಿಮೊನೆಯಷ್ಟು ತೂತು ಬಿದ್ದಿದೆ. ಬೆಳಿಗ್ಗೆ ಎಂಜಿನ್ನು ತಣ್ಣಗಿರುವಾಗ ಹೊರಟರೆ ಕಾರು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಒಂದೆರಡು ಸಲ ಫೇಲಾದರೆ ದೀಪ ಹಚ್ಚುತ್ತದೆ.

"ತೂತು ಎಲ್ಲಿದೆ?"

"ನೋಡೋಣ."

ಹೆಚ್ಚಾಗಿ ಟ್ಯಾಂಕಿನ ಮುಚ್ಚಳವೇ ಕಳ್ಳ ಎಂದು ಹೊಸ ಮುಚ್ಚಳ ಹಾಕಿ ದೀಪ ಆರಿಸಿದ. ಇಷ್ಟೇನಾ ಎಂದುಕೊಂಡು ಹಗುರವಾಗಿ ಮನೆಗೆ ಬಂದೆ. ಅತ್ತೆ ಬೆಕ್ಕಿಗೆ, "ವಾಸನೆ ಮುಚ್ಚಳದ ಕಡೆಯಿಂದ ಬರ್ತಿರಲಿಲ್ಲ" ಎಂದರು. ಬೆಕ್ಕು ಆಕಳಿಸಿತು. ಈ ವಿಷಯದಲ್ಲಿ ನಾನು ಬೆಕ್ಕಿನ ಪರ.

ಜೂನ್ 7, ಶುಕ್ರವಾರ

ದೀಪ ಮತ್ತೆ ಬಂತು.

ನಮ್ಮವರು ಹಡಗಿನಿಂದ ಫೋನ್ ಮಾಡಿದ್ದರು. ಸುತ್ತ ನೀರು ಬಿಟ್ಟರೆ ಬೇರೇನೂ ಕಾಣದ ಕಡೆ ಕೂತು ನನಗೆ ಕಾರಿನ ಪಾಠ. "ಬ್ಯಾಟರಿ ತಂತಿ ಬಿಚ್ಚಿ ಸ್ವಲ್ಪ ಹೊತ್ತು ಬಿಡು, ಎಲ್ಲಾ ಮರೆತುಬಿಡುತ್ತೆ." ಬಿಚ್ಚಿದೆ, ಮತ್ತೆ ಸಿಕ್ಕಿಸಿದೆ. ದೀಪ ಮಾಯ! ಗಂಡನಿಂದಲೂ ಪ್ರಯೋಜನವಿದೆ.

ಜೂನ್ 8, ಶನಿವಾರ

ಇಲ್ಲ.

ತಪಾಸಣೆ ಕೇಂದ್ರದ ಹೆಂಗಸು ತನ್ನ ಯಂತ್ರ ನೋಡಿ, ನನ್ನನ್ನು ನೋಡಿ, "ಬ್ಯಾಟರಿ ಬಿಚ್ಚಿದ್ರಾ?" ಎಂದಳು.

"ಇಲ್ಲವಲ್ಲ" ಎಂದೆ.

"ನಿಮ್ಮ ಕಾರಿಗೆ ಏನೂ ನೆನಪಿಲ್ಲ. ನೀವು ಯಾರು ಅಂತಾನೂ ಗೊತ್ತಿಲ್ಲ ಅದಕ್ಕೆ. ಕೆಲವು ದಿನ ಓಡಿಸಿ, ಅದು ಮತ್ತೆ ತನ್ನ ಪರೀಕ್ಷೆ ಮುಗಿಸಲಿ. ಜ್ಞಾಪಕ ಹೋದವಕ್ಕೆಲ್ಲ ನಾವು ಸರ್ಟಿಫಿಕೇಟ್ ಕೊಡಲ್ಲ."

ಕಾರು ಗಡಿಯಾರವನ್ನೂ ಮರೆತಿದೆ, ರೇಡಿಯೋ ಸ್ಟೇಷನ್ನುಗಳನ್ನೂ ಮರೆತಿದೆ. ಹಲ್ಲಿನ ಡಾಕ್ಟರು ಕಲಿಯುತ್ತಿರುವ ಕಾರಲ್ಲವೇ, ಅವರಿಂದ ಅಂಟಿಕೊಂಡಿರಬೇಕು. ಕ್ಲಚ್ಚು ಯಾವುದೆಂದು ಅವರಿಗೂ ಪ್ರತಿದಿನ ಹೊಸದಾಗಿ ಹೇಳಬೇಕು. ಬೈದೆ.

ಜೂನ್ 11, ಮಂಗಳವಾರ

ಕಾರಿಗೆ ಜ್ಞಾಪಕ ಬಂತು. ದೀಪವೂ ಬಂತು.

ನೋಡೋಣ ಈ ಸಲ ಹೊಗೆ ಯಂತ್ರ ತೆಗೆದ. ಆವಿಯ ಕೊಳವೆಯೊಳಗೆ ಬಿಳಿ ಹೊಗೆ ಊದಿದರೆ ತೂತಿರುವ ಕಡೆಯಿಂದ ಅದು ಆಚೆ ಬರುತ್ತದಂತೆ, ನಾವು ಅಲ್ಲಿಗೆ ಕೈ ಇಟ್ಟರಾಯಿತು. ಊದಿದ. ನಾನು ಕಾರಿನ ಕೆಳಗೆ ಬಗ್ಗಿ ನೋಡಿದೆ, ಅವನು ಮೇಲೆ ನೋಡಿದ, ಪಕ್ಕದ ಟಯರ್ ಅಂಗಡಿಯವನು ಕೆಲಸ ಬಿಟ್ಟು ಬಂದು ಸುತ್ತಲೂ ನೋಡಿದ. ಹೊಗೆ ಎಲ್ಲೂ ಬರಲಿಲ್ಲ.

"ಎಲ್ಲಾ ಸರಿ ಇದೆಯಲ್ಲ ಮೇಡಂ!" ನೋಡೋಣನ ಮುಖದಲ್ಲಿ ಮದುವೆಗೆ ಬಂದು ಛತ್ರ ತಪ್ಪಿದವನ ಕಳೆ. ಯಾವುದಕ್ಕೂ ಇರಲಿ ಎಂದು ಒಂದು ವಾಲ್ವು ಬದಲಾಯಿಸಿ, ದೀಪ ಆರಿಸಿ ಕಳಿಸಿದ.

ನನಗೆ ತಡೆಯಲಿಲ್ಲ. ಮನೆಯ ಮುಂದೆ ಕಾರು ನಿಲ್ಲಿಸಿ, ಸೋಪಿನ ನೀರು ಕಲಸಿ, ಕೈಗೆ ಸಿಕ್ಕ ಕೊಳವೆಗೆಲ್ಲ ಬ್ರಷ್ಷಿನಲ್ಲಿ ಬಳಿದೆ. ಸೋರುವಲ್ಲಿ ಗುಳ್ಳೆ ಬರಬೇಕಲ್ಲ. ಅತ್ತೆ ಟಾರ್ಚ್ ಹಿಡಿದು ಬಂದು ನಿಂತರು.

"ಅಲ್ಲಲ್ಲ, ಹಿಂದೆ. ಹಿಂದೆ ನೋಡು ಅಂದೆ."

"ಹಿಂದೇನೂ ಇಲ್ಲ ಅತ್ತೆ. ಟಾರ್ಚನ್ನ ನನ್ನ ಕಣ್ಣಿಗೆ ಬಿಡಬೇಡಿ."

"ಕಣ್ಣು ಮುಚ್ಕೋ ಹಾಗಿದ್ರೆ."

ಕೊನೆಗೆ ಕಾರು ತಳಭಾಗದಲ್ಲಿ ಫಳಫಳ ಹೊಳೆಯತೊಡಗಿತು, ನನ್ನ ತಲೆತುಂಬ ನೊರೆ. ಎದುರು ಮನೆಯ ಯಜಮಾನರು ಬಂದು, "ಕಾರಿಗೆ ಕೆಳಗಿನಿಂದಲೂ ಸ್ನಾನ ಮಾಡಿಸ್ತೀರಾ?" ಎಂದು ಕೇಳಿದರು. ಅತ್ತೆ, "ನಿಮ್ಮ ಹಾಗೆ ಮುಖ ಮಾತ್ರ ತೊಳೆಯೋದಿಲ್ಲ ನಾವು" ಎಂದು ಅವರನ್ನು ಸಾಗಹಾಕಿದರು. ಮಾತು ಮಾತ್ರ ಹರಿತ, ಒಪ್ಪಬೇಕು. ಬೆಕ್ಕು ಕೆಲಸವಿಲ್ಲದೆ ಬಾನೆಟ್ಟಿನ ಮೇಲೆ ಮಲಗಿತ್ತು.

ಜೂನ್ 13, ಗುರುವಾರ

ನಾದಿನಿ ಬಂದು ಅತ್ತೆಯನ್ನು ಒಂದು ವಾರಕ್ಕೆ ಕರೆದುಕೊಂಡು ಹೋದಳು. ಅಬ್ಬಾ. ಕಾಲು ಚಾಚಿ ಕೂತೆ. ಮನೆಯಲ್ಲಿ ಶಾಂತಿ.

ಜೂನ್ 15, ಶನಿವಾರ

ಶಾಂತಿ.

ಜೂನ್ 17, ಸೋಮವಾರ

ಶಾಂತಿ. ಬೆಕ್ಕು ನನ್ನನ್ನೇ ದಿಟ್ಟಿಸುತ್ತದೆ. ಅದರ ಮುಂದೆ ಏನು ಹೇಳಬೇಕೋ ತಿಳಿಯದೆ ಟಿವಿ ಹಾಕಿದೆ.

ಜೂನ್ 19, ಬುಧವಾರ

ಇಷ್ಟು ದಿನವಾದರೂ ದೀಪ ಬಂದಿಲ್ಲ! ವಾಲ್ವೇ ಕಾರಣವಿರಬೇಕು. ಕಾರು ತನ್ನ ಪರೀಕ್ಷೆ ಮುಗಿಸಿ ಪಾಸಾಗಿದೆ ಎಂದು ನೋಡೋಣ ಯಂತ್ರ ಹಾಕಿ ತೋರಿಸಿದ. ತಪಾಸಣೆಗೆ ಮುಂದಿನ ವಾರ ಸಮಯ ಸಿಕ್ಕಿದೆ. ಕುಣಿಯುವಷ್ಟು ಖುಷಿ. ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಯಾರೂ ಇಲ್ಲ. ನಾದಿನಿಯ ಮನೆಗೆ ಫೋನ್ ಮಾಡಿದೆ, ದೀಪದ ವಿಷಯ ಹೇಳಲು ಅಷ್ಟೆ. ಅತ್ತೆ, "ವಾಸನೆ ಹೋಯ್ತಾ?" ಎಂದರು. "ನಂಗೆ ಮೊದಲೂ ಬರ್ತಿರಲಿಲ್ಲ" ಎಂದೆ. "ನಿನ್ನ ಮೂಗು ಬರೀ ಸಿಟ್ಟು ಇಟ್ಕೊಳ್ಳೋಕೆ ಇರೋದು" ಎಂದರು. ಹಾಗೇ ಹೀಗೇ ಮಾತಾಡುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಸೀದುಹೋಯಿತು.

ಜೂನ್ 20, ಗುರುವಾರ

ಅತ್ತೆ ಬಂದರು. ಅಲ್ಲಿ ಲಿಫ್ಟಿನಲ್ಲಿ ಕನ್ನಡಿ ಇದೆಯಂತೆ, ಮೇಲೆ ಹೋಗುವಾಗೆಲ್ಲ ತಮ್ಮ ಮುಖ ತಾವೇ ನೋಡಿಕೊಳ್ಳಬೇಕಂತೆ. ಬೇಸರ ಬಂತಂತೆ.

ಜೂನ್ 22, ಶನಿವಾರ

ದೀಪ ಬಂತು.

ನಿನ್ನೆ, ಇವತ್ತು ಎರಡು ಬೆಳಿಗ್ಗೆ ಅತ್ತೆಯನ್ನು ಈಜುಕೊಳಕ್ಕೆ ಬಿಟ್ಟಿದ್ದೆ, ಅಷ್ಟೆ. ಅತ್ತೆಯನ್ನೂ ಕೂರಿಸಿಕೊಂಡೇ ನೋಡೋಣನ ಗ್ಯಾರೇಜಿಗೆ ಓಡಿದೆ. ಅವನು ತಲೆ ಕೆರೆದುಕೊಂಡು, ಯಾವಾಗ ಬಂತು, ಯಾವಾಗ ಹೋಯ್ತು ಎಂದೆಲ್ಲ ಕೇಳಿ, ಇದ್ದಕ್ಕಿದ್ದಂತೆ ತೊಡೆ ತಟ್ಟಿಕೊಂಡ.

"ಗೊತ್ತಾಯ್ತು ಮೇಡಂ! ನಿಮ್ಮತ್ತೆ ಇದ್ರೆ ದೀಪ ಇದೆ, ನಿಮ್ಮತ್ತೆ ಇಲ್ದಿದ್ರೆ ದೀಪ ಇಲ್ಲ. ಬದಲಾಯಿಸಬೇಕಾದ ಪಾರ್ಟು ಅದೇ!"

ನಗು ಬಂತು. ಟಯರ್ ಅಂಗಡಿಯವನೂ ನಕ್ಕ. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ತಿರುಗಿ ನೋಡಿದರೆ ಅತ್ತೆ ಕಾರಿನಿಂದ ಇಳಿದು, ಕೈಚೀಲವನ್ನು ಎದೆಗವಚಿಕೊಂಡು ನಿಂತಿದ್ದರು. ಎಂಥ ಮಾತಿಗೂ ಮಾತು ಕೊಡುವವರು ಮತ್ತೆ ಹಿಂದಿನ ಸೀಟಿಗೆ ಹತ್ತಿ ಬಾಗಿಲು ಹಾಕಿಕೊಂಡರು.

ಮನೆಗೆ ಬಂದು ಮಗಳಿಗೆ ಫೋನ್ ಮಾಡಿದರು. ಅಡಿಗೆಮನೆಗೆ ಕೇಳಿಸಿತು. "ಬಂದು ಕರ್ಕೊಂಡು ಹೋಗಮ್ಮ. ನಾನಿದ್ರೆ ಇಲ್ಲಿ ಕಾರೂ ಕೆಡುತ್ತೆ. ಇಲ್ಲ ಇಲ್ಲ, ಪೂರ್ತಿ ಬಂದ್ಬಿಡ್ತೀನಿ."

ನೋಡೋಣ ಹೇಳಿದ್ದು ಸುಲಭದ ದಾರಿಯೇ. ಅತ್ತೆ ಹೋಗಲಿ, ದೀಪ ಆರಿಸಿ ಕೆಲವು ದಿನ ಓಡಿಸಿದರೆ ಕಾರು ಪಾಸಾಗುತ್ತದೆ, ಸರ್ಟಿಫಿಕೇಟ್ ಸಿಗುತ್ತದೆ. ಎರಡು ತಲೆನೋವಿಗೆ ಒಂದೇ ಮಾತ್ರೆ. ಹೀಗೆ ಆಗಬೇಕೆಂದೇ ಅಲ್ಲವೇ ನಾನು ಕಾದಿದ್ದು? ಊಟ ಸೇರಲಿಲ್ಲ. ಬಿಸಿಲಿಗೆ ಇರಬೇಕು.

ಜೂನ್ 23, ಭಾನುವಾರ

ಅತ್ತೆ ಬೆಳಿಗ್ಗೆಯಿಂದ ಸೂಟ್‌ಕೇಸು ಕಟ್ಟುತ್ತಿದ್ದಾರೆ. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸುತ್ತಾರೆ. ಮನೆಯಲ್ಲಿ ಕೂರಲಾರದೆ ಕಾರು ತೊಳೆಯಲು ಹೋದೆ. ತೊಳೆದದ್ದಾಯಿತು. ಸುಮ್ಮನೆ ಹಿಂದಿನ ಬಾಗಿಲು ತೆಗೆದು, ಅತ್ತೆ ಕೂರುವ ಜಾಗದಲ್ಲಿ ಕೂತೆ. ಇಷ್ಟು ವರ್ಷ ಈ ಕಾರು ಓಡಿಸಿದ್ದೇನೆ, ಹಿಂದೆ ಕೂತದ್ದು ಇದೇ ಮೊದಲು. ಮುಂದಿನ ಸೀಟಿನ ಬೆನ್ನಿಗೆ ಯಾರೋ ಬಬಲ್‌ಗಮ್ ಅಂಟಿಸಿದ್ದಾರೆ, ಅದೂ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮೂಗಿಗೆ ಏನೋ ಬಡಿಯಿತು.

ಪೆಟ್ರೋಲು!

ಎದ್ದು ಮುಂದಿನ ಸೀಟಿಗೆ ಹೋದೆ: ಇಲ್ಲ. ಮತ್ತೆ ಹಿಂದೆ ಕೂತೆ: ಇದೆ. ಹಿಂದಿನ ಸೀಟಿನ ಆ ತುದಿಗೆ ಸರಿದೆ: ಇಲ್ಲ. ಅತ್ತೆಯ ತುದಿಗೆ ಬಂದೆ: ಇದೆ! ಹೀಗೆ ಎಷ್ಟು ಸಲ ಇಳಿದು ಹತ್ತಿದೆನೋ, ಎದುರು ಮನೆಯ ಯಜಮಾನರು ಕಿಟಕಿಯಲ್ಲಿ ಹೆಂಡತಿಯನ್ನೂ ಕರೆದು ತೋರಿಸುತ್ತಿದ್ದರು.

ಒಳಗೆ ಓಡಿಹೋಗಿ, "ಅತ್ತೆ, ವಾಸನೆ ಬರುತ್ತೆ!" ಎಂದೆ.

ಅವರು ತಲೆಯೆತ್ತದೆ, "ನಂಗೇನು ಹೇಳ್ತೀಯ, ನಾನು ಹೊರಟೋಳು" ಎಂದರು.

ನಾಳೆ ಗ್ಯಾರೇಜಿಗೆ ಬರಲೇಬೇಕು, ಆಮೇಲೆ ಎಲ್ಲಿಗೆ ಬೇಕಾದರೂ ಹೋಗಲಿ ಎಂದು ಕಾಡಿಬೇಡಿ ಒಪ್ಪಿಸಿದೆ. ಸುಲಭದ ದಾರಿ ಇರುವಾಗ ನನಗ್ಯಾಕೆ ಈ ಉಸಾಬರಿ? ಪೆಟ್ರೋಲ್ ಆವಿ ಕಲಿಯಲು ಬರುವವರ ಆರೋಗ್ಯಕ್ಕೆ ಒಳ್ಳೆಯದಲ್ಲ, ಅದಕ್ಕೆ.

ಜೂನ್ 24, ಸೋಮವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ನಾದಿನಿ ಬೆಳಿಗ್ಗೆಯೇ ಬಂದಳು. ಸೂಟ್‌ಕೇಸು ಅವಳ ಕಾರಿಗೆ ಹತ್ತಿತು. ಅಲ್ಲಿಂದ ಎಲ್ಲರೂ ಗ್ಯಾರೇಜಿಗೆ. ನೋಡೋಣ ಅತ್ತೆಯನ್ನು ಕಂಡದ್ದೇ ಕೈಮುಗಿದು, "ಅಮ್ಮಾ, ತಮಾಷೆಗೆ ಅಂದಿದ್ದು, ತಪ್ಪಾಯ್ತು" ಎಂದ. ಅತ್ತೆ ಆಕಾಶ ನೋಡಿದರು.

"ಹಿಂದಿನ ಸೀಟಿನ ಕೆಳಗೇ ಅಲ್ವಾ ಟ್ಯಾಂಕ್ ಇರೋದು?" ಎಂದೆ. "ಖಾಲಿ ಕಾರಿಗೆ ಹೊಗೆ ಊದಿದ್ರೆ ಏನು ಗೊತ್ತಾಗುತ್ತೆ? ಅತ್ತೆ ಕೂತಿರುವಾಗ ಊದು."

ನೋಡೋಣ ಬಾಯಿ ತೆರೆದ. "ನೋ..." ಎಂದವನು ಅಲ್ಲಿಗೇ ನಿಲ್ಲಿಸಿ ಯಂತ್ರ ತರಲು ಓಡಿದ.

"ಇದು ಬರೀ ಎಣ್ಣೆಯ ಹೊಗೆ, ಸುಡಲ್ಲ, ಹೆದರಬೇಡಿ" ಎಂದು ಅತ್ತೆಗೆ ವಿವರಿಸಿ ಹೇಳಿದ. ಅತ್ತೆ ಸಿಂಹಾಸನ ಏರಿದ ಹಾಗೆ ಹಿಂದಿನ ಸೀಟಿನಲ್ಲಿ ಕೂತು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ನಾದಿನಿ ಆಚೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು; ಅವಳಿಗೆ ವಿವರಿಸುವುದು ಯಾರಿಗೂ ಹೊಳೆಯಲಿಲ್ಲ. ನೋಡೋಣ ಹೊಗೆ ಊದಿದ.

ಮೊದಲು ಏನೂ ಇಲ್ಲ. ಆಮೇಲೆ ಸೀಟಿನ ಅಂಚಿನಿಂದ ಒಂದು ಬಿಳಿ ಎಳೆ ಎದ್ದಿತು. ಇನ್ನೊಂದು. ನೋಡನೋಡುತ್ತಿದ್ದಂತೆ ಅತ್ತೆಯ ಎರಡೂ ಬದಿಯಿಂದ ಹೊಗೆ ಸುರುಳಿ ಸುರುಳಿಯಾಗಿ ಏರಿ, ಅವರ ಕನ್ನಡಕದವರೆಗೂ ಬಂತು. ಅತ್ತೆ ಮಿಸುಕಲಿಲ್ಲ.

"ಬಂತು! ಬಂತು!" ಎಂದು ನಾನೂ ನೋಡೋಣನೂ ಚಪ್ಪಾಳೆ ತಟ್ಟಿ ಕುಣಿದೆವು.

ನಾದಿನಿ ತಿರುಗಿ ನೋಡಿದಳು. ಹೆತ್ತ ತಾಯಿ ಕಾರಿನೊಳಗೆ ಹೊಗೆಯಾಡುತ್ತಿದ್ದಾರೆ, ಅತ್ತಿಗೆ ಹೊರಗೆ ಚಪ್ಪಾಳೆ ತಟ್ಟುತ್ತಿದ್ದಾಳೆ. "ಅಯ್ಯೋ, ಅಮ್ಮಂಗೆ ಬೆಂಕಿ ಹತ್ಕೊಂಡಿದೆ!" ಎಂದು ಅವಳು ಕಿರುಚಿದ ಕಿರುಚಿಗೆ ಟಯರ್ ಅಂಗಡಿಯವನು, ಪಂಕ್ಚರ್ ನೋಡಲು ತುಂಬಿಟ್ಟಿದ್ದ ಬಕೆಟ್ಟನ್ನು ಎತ್ತಿಕೊಂಡು ಓಡಿಬಂದು, ಬಾಗಿಲಿನಿಂದ ಅಷ್ಟೂ ನೀರನ್ನು ಅತ್ತೆಯ ಮೇಲೆ ಸುರಿದುಬಿಟ್ಟ.

ಸೀಟಿನಿಂದ ತೊಟತೊಟ ನೀರು ತೊಟ್ಟಿಕ್ಕತೊಡಗಿತು.

ಅತ್ತೆ ಕನ್ನಡಕ ತೆಗೆದು, ಒದ್ದೆ ಸೆರಗಿನಿಂದಲೇ ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು.

"ಹೇಳಿರಲಿಲ್ವಾ ನಾನು?"

"ಹೇಳಿದ್ರಿ ಅತ್ತೆ."

"ಎಲ್ಲಿಂದ ಅಂತ ಹೇಳಿದ್ದೆ?"

"ಹಿಂದಿನಿಂದ."

"ಹಾಂ" ಎಂದರು. ಆಮೇಲೆ ಅವರಿಗೆ ನಗು ಬಂತು. ಅವರು ನಗುವಾಗ ಸೀಟಿನ ಕೆಳಗಿನಿಂದ ಹೊಗೆ ಬುಸ್ ಬುಸ್ ಎಂದು ಆಚೆ ಬರುತ್ತಿತ್ತು. ಅದನ್ನು ಕಂಡು ನಾನು ನೆಲದ ಮೇಲೆ ಕೂತುಬಿಟ್ಟೆ, ನಿಲ್ಲಲಾಗಲಿಲ್ಲ. ಕಣ್ಣಲ್ಲಿ ನೀರು. ಹೊಗೆಗೆ.

ಅಷ್ಟು ಒದ್ದೆಯಾಗಿ ಊರು ದಾಟಲು ಆಗುತ್ತದೆಯೇ? ಸೂಟ್‌ಕೇಸು ಮತ್ತೆ ನಮ್ಮ ಮನೆಗೇ ಬಂತು. ನಾದಿನಿ, "ಭಾನುವಾರ ಬರ್ತೀನಿ, ನೀವಿಬ್ಬರೂ ಒಂದು ನಿರ್ಧಾರಕ್ಕೆ ಬನ್ನಿ" ಎಂದು ಸಿಡುಕಿಕೊಂಡು ಹೋದಳು.

ಜೂನ್ 25, ಮಂಗಳವಾರ

ನೋಡೋಣ ಸೀಟು ಎತ್ತಿ ತೋರಿಸಿದ. ಟ್ಯಾಂಕಿನ ಮೇಲೆ ಹಾದುಹೋಗುವ ಆವಿಯ ರಬ್ಬರು ಕೊಳವೆ ಹಳೆಯದಾಗಿ ಒಣಗಿ, ಉಗುರಿನಷ್ಟು ಬಿರುಕು ಬಿಟ್ಟಿದೆ. ಯಾರೂ ಕೂರದಿದ್ದರೆ ಬಿರುಕು ತಾನಾಗಿ ಮುಚ್ಚಿಕೊಳ್ಳುತ್ತದೆ. ಕೂತರೆ ಸೀಟಿನ ತಗಡು ಒತ್ತಿ ಬಾಯಿ ತೆರೆಯುತ್ತದೆ. ಬೆಳಿಗ್ಗೆ ಕಾರು ಪರೀಕ್ಷೆ ಮಾಡಿಕೊಳ್ಳುವ ಹೊತ್ತಿಗೆ ಸರಿಯಾಗಿ ಅಲ್ಲಿ ಅತ್ತೆ ಇರುತ್ತಿದ್ದರು. ಹೊಸ ಕೊಳವೆ ಹಾಕಿದ. ಇನ್ನು ಕೆಲವು ದಿನ ಅತ್ತೆಯನ್ನು ಅದೇ ಜಾಗದಲ್ಲಿ ಕೂರಿಸಿಕೊಂಡು ಓಡಿಸಬೇಕಂತೆ. ಹಾಗೆ ಪಾಸಾದರೆ ಮಾತ್ರ ರೋಗ ವಾಸಿ.

ಜೂನ್ 27, ಗುರುವಾರ

ಎರಡು ಬೆಳಿಗ್ಗೆಯೂ ಸುತ್ತಿದೆವು, ಈಜುಕೊಳ, ಅಲ್ಲಿಂದ ಸುಮ್ಮನೆ ಊರಾಚೆಯ ಸೇತುವೆಯವರೆಗೆ. ಅತ್ತೆ ಹಿಂದಿನಿಂದ ಮೂಗಿನ ವರದಿ ಕೊಡುತ್ತಾ ಬಂದರು. "ಇಲ್ಲ... ಇಲ್ಲ... ತಾಳು... ಇಲ್ಲ, ಅದು ಲಾರಿ." ಹಲ್ಲಿನ ಡಾಕ್ಟರು ಇವತ್ತು ಗೇಟಿನ ಕಂಬಕ್ಕೆ ಕನ್ನಡಿ ಉಜ್ಜಿದರು. ಬೈಯಲಿಲ್ಲ. ಗಂಟಲು ಸರಿಯಿಲ್ಲವೆಂದು ಕಾಣುತ್ತದೆ.

ಜೂನ್ 28, ಶುಕ್ರವಾರ

ಪಾಸ್! ತಪಾಸಣೆ ಕೇಂದ್ರದ ಹೆಂಗಸು, "ಈಗ ಎಲ್ಲಾ ನೆನಪಿದೆ ನಿಮ್ಮ ಕಾರಿಗೆ" ಎಂದಳು. ಅತ್ತೆ ಹಿಂದಿನ ಕಿಟಕಿಯಿಂದ ತಲೆ ಹಾಕಿ, "ಕೊಳವೆ ಎಲ್ಲಿ ಒಡೆದಿತ್ತು ಗೊತ್ತಾ?" ಎಂದು ಮೊದಲಿನಿಂದ ಶುರುಮಾಡಿದರು. ನಮ್ಮ ಹಿಂದೆ ಕಾರುಗಳ ಸಾಲು ಹಾರ್ನ್ ಹೊಡೆಯಿತು. ಬಕೆಟ್ಟಿನ ಭಾಗ ಬಿಟ್ಟುಹೋಗಿತ್ತು, ನಾನು ಸೇರಿಸಿದೆ.

ಜೂನ್ 29, ಶನಿವಾರ

ನಾದಿನಿ ಫೋನ್ ಮಾಡಿದಳು. "ಅತ್ತಿಗೆ, ನಾಳೆ ಬರ್ತೀನಿ, ಅಮ್ಮನ್ನ ರೆಡಿ ಇರೋಕೆ ಹೇಳಿ. ಮೊಣಕಾಲೂ ಸರಿಹೋಗಿದೆಯಂತಲ್ಲ."

"ನಾಳೆ ಆಗಲ್ಲ" ಎಂದೆ.

"ಯಾಕೆ?"

ಯಾಕೆ ಎಂದು ನಾನೂ ಯೋಚಿಸಿರಲಿಲ್ಲ. "ಅವರಿಗೆ ಕ್ಲಾಸಿದೆ."

"ಏನ್ ಕ್ಲಾಸು?"

"ಡ್ರೈವಿಂಗ್ ಕ್ಲಾಸು. ಸೇರ್ಕೊಂಡಿದಾರೆ. ಮುಗಿಯೋಕೆ ತುಂಬಾ ದಿನ ಬೇಕು. ಮಧ್ಯದಲ್ಲಿ ಬಿಡೋ ಹಾಗಿಲ್ಲ."

ಪಕ್ಕದಲ್ಲಿ ಅತ್ತೆ, ಟೀ ಲೋಟ ಬಾಯಿಯ ಹತ್ತಿರ ಹಿಡಿದವರು ಹಾಗೆಯೇ ನಿಂತಿದ್ದರು. ಫೋನ್ ಇಟ್ಟೆ.

"ನಾನಾ?" ಎಂದರು.

"ಬಾಯಿತಪ್ಪಿ ಬಂತು. ಈಗ ಹೇಳಿಯಾಗಿದೆ, ಏನು ಮಾಡೋಕಾಗುತ್ತೆ?"

"ನೀನು ಬೈತೀಯ."

"ಬೈತೀನಿ."

"ನಾನು ತಿರುಗಿ ಬೈತೀನಿ."

"ಬೈರಿ."

ಟೀ ಕುಡಿದು ಮುಗಿಸಿದರು. ಒಳಗೆ ಹೋಗಿ ಸೂಟ್‌ಕೇಸಿನಿಂದ ಏನೋ ಹುಡುಕಿ ತೆಗೆಯುವ ಸದ್ದಾಯಿತು. ಓಡಿಸಲು ಯಾವ ಚಪ್ಪಲಿ ಒಳ್ಳೆಯದು ಎಂದು ಒಳಗಿನಿಂದಲೇ ಕೂಗಿ ಕೇಳಿದರು.

ಜೂನ್ 30, ಭಾನುವಾರ

ಊರಾಚೆಯ ಖಾಲಿ ಮೈದಾನ. ಅತ್ತೆ ಮೊದಲ ಸಲ ಸ್ಟಿಯರಿಂಗಿನ ಹಿಂದೆ ಕೂತರು. ಸೀಟನ್ನು ಮುಂದಕ್ಕೆ ಎಳೆದು, ಎಳೆದು, ಹೊಟ್ಟೆ ತಾಗಿ ಹಾರ್ನು ತಾನಾಗಿ ಹೊಡೆದುಕೊಳ್ಳತೊಡಗಿದ ಮೇಲೆ ನಿಲ್ಲಿಸಿದರು. ಕ್ಲಚ್ಚು, ಬ್ರೇಕು, ಗೇರು ಎಲ್ಲ ಹೇಳಿಕೊಟ್ಟೆ. "ಗೊತ್ತು ಗೊತ್ತು, ಹಿಂದೆ ಕೂತು ಇಷ್ಟು ದಿನ ನೋಡಿಲ್ವಾ" ಎಂದರು. ಮುಂದೆ ಹೋಗೋಣ ಎಂದೆ. ಗೇರನ್ನು ಕಡಕ್ ಎಂದು ತಳ್ಳಿ, ಕಾಲೆತ್ತಿದರು. ಕಾರು ಹಿಂದಕ್ಕೆ ಹೊರಟಿತು. ಬ್ರೇಕಿನ ಮೇಲೆ ನನ್ನ ಕಾಲಿತ್ತು, ಒತ್ತಲಿಲ್ಲ. ಮೈದಾನ ಹೇಗೂ ಖಾಲಿ. ಅತ್ತೆ ಬೆನ್ನು ನೇರ ಮಾಡಿಕೊಂಡು, ಎದುರಿನ ಗಾಜಿನಿಂದ ಕಣ್ಣು ಕೀಳದೆ, ಮೈದಾನದ ಆ ತುದಿಯವರೆಗೆ ಗಂಭೀರವಾಗಿ ಹಿಂದಕ್ಕೆ ಓಡಿಸಿದರು. ಬೇಲಿ ಬಂದ ಮೇಲೆ ನಾನು ನಿಲ್ಲಿಸಿದೆ.

"ಬೇಕು ಅಂತಲೇ ಹೋಗಿದ್ದು" ಎಂದರು. ಅವರ ಮುಖ ಅರಳಿತ್ತು. "ಇನ್ನೊಂದು ಸಲ ಹೋಗ್ಲಾ?"

ಹೋಗಿ ಎಂದೆ.

ನಾಳೆ ಎಡ ತಿರುವು, ನಾಡಿದ್ದು ಬಲ ತಿರುವು. ಮುಂದಕ್ಕೆ ಹೋಗುವುದನ್ನು ಆಮೇಲೆ ಯಾವಾಗಲಾದರೂ ಕಲಿಸಿದರಾಯಿತು, ಅವಸರವೇನಿಲ್ಲ.